ಸ್ಕ್ಯಾನ್‌ನಲ್ಲಿ ಎಲ್ಲ ಸರಿಯಾಗಿತ್ತು

ಅದು ಮಂಗಳವಾರ ಮಧ್ಯಾಹ್ನ. ರಾಮನಗರದ ಬಸ್ ನಿಲ್ದಾಣದ ಹತ್ತಿರ ನಾನು ಕೆಲಸ ಮಾಡುವ ಜೆರಾಕ್ಸ್ ಅಂಗಡಿಗೆ ಒಬ್ಬ ಹುಡುಗಿ ಕಾಲೇಜಿನ ಅರ್ಜಿ ತುಂಬಿಸಲು ಬಂದಿದ್ದಳು. ಅವಳು ಹೇಳುತ್ತಿದ್ದಳು, ನಾನು ಟೈಪ್ ಮಾಡುತ್ತಿದ್ದೆ. ಅವಳ ತಂದೆಯ ಹೆಸರನ್ನು ಎರಡು ಸಲ ತಪ್ಪಾಗಿ ಹೊಡೆದೆ. ಮೂರನೆಯ ಸಲ ನೋಡಿದರೆ ಪರದೆಯ ಮಧ್ಯೆ ಒಂದಷ್ಟು ಜಾಗ ಕಾಣಿಸಲೇ ಇಲ್ಲ. ಅಲ್ಲಿ ಬಿಳಿ ಚುಕ್ಕೆಗಳು ಮಿಣಮಿಣ ಎನ್ನುತ್ತಿದ್ದವು.

ಕಣ್ಣು ಉಜ್ಜಿಕೊಂಡೆ. ಚುಕ್ಕೆಗಳು ಹೋಗಲಿಲ್ಲ.

ಬೆಳಗಿನಿಂದಲೂ ಹಣೆಯ ಹಿಂದೆ ಒಂದು ನೋವಿತ್ತು. ಸೆಕೆಗೆ ಇರಬೇಕು ಅಂದುಕೊಂಡಿದ್ದೆ. ನನಗೆ ಆಗ ಎಂಟು ತಿಂಗಳು ತುಂಬುತ್ತಿತ್ತು. ಮದುವೆಯಾಗಿ ನಾಲ್ಕು ವರ್ಷಕ್ಕೆ ನಿಂತ ಮೊದಲ ಬಸಿರು. ಅಂಗಡಿಯ ಯಜಮಾನರು ನನ್ನ ಮುಖ ನೋಡಿ, "ಮನೆಗೆ ಹೋಗಮ್ಮ ಪವಿತ್ರ, ಅರ್ಜಿ ನಾನ್ ನೋಡ್ಕೋತೀನಿ" ಎಂದರು. ನಮ್ಮೂರಿನ ಕಡೆ ಹೋಗುವ ಕೈಲಾಂಚದ ಬಸ್ಸು ಹತ್ತಿದೆ. ಬಸ್ಸು ಕುಲುಕಿದಾಗಲೆಲ್ಲ ತಲೆಯೊಳಗೆ ಯಾರೋ ಬಾಗಿಲು ಬಡಿದ ಹಾಗಾಗುತ್ತಿತ್ತು.

ಮನೆಯಲ್ಲಿ ನನ್ನ ಗಂಡ ಲೋಕೇಶ್ ಮತ್ತು ಅತ್ತೆ ಜಯಮ್ಮ ರೇಷ್ಮೆಹುಳುಗಳಿಗೆ ಸೊಪ್ಪು ಹಾಕುತ್ತಿದ್ದರು. ಹುಳು ಗೂಡು ಕಟ್ಟಲು ಇನ್ನು ನಾಲ್ಕೈದು ದಿನವಿತ್ತು. ಆ ದಿನಗಳಲ್ಲಿ ಹುಳುಗಳ ಹಸಿವಿಗೆ ಹೊತ್ತು ಗೊತ್ತು ಇರುವುದಿಲ್ಲ. ಅತ್ತೆ ಕೈ ತೊಳೆದುಕೊಂಡು ಬಂದು ಹಣೆಗೆ ಬಾಮ್ ಹಚ್ಚಿದರು. ಕಾಫಿ ಕುಡಿದೆ, ಕುಡಿದದ್ದೆಲ್ಲ ವಾಂತಿಯಾಯಿತು. ಬಲ ಪಕ್ಕೆಯ ಕೆಳಗೆ ಒಂದು ನೋವು ಹಿಡಿದುಕೊಂಡಿತು. ಗ್ಯಾಸ್ ಎಂದುಕೊಂಡು ಜೀರಿಗೆ ನೀರು ಕುಡಿದೆ.

"ಆಸ್ಪತ್ರೆಗೆ ಹೋಗಾನ ನಡಿ. ಗಾಡಿ ತೆಗೀತೀನಿ" ಎಂದರು ಲೋಕೇಶ್.

"ಮಗು ಚೆನ್ನಾಗಿ ಒದೀತೈತೆ ಕಣ್ರೀ. ಹೋದ ತಿಂಗ್ಳು ತಾನೆ ಸ್ಕ್ಯಾನ್ ಮಾಡ್ಸಿದ್ದು, ಎಲ್ಲ ಸರಿಯಾಗೈತೆ ಅಂದವ್ರಲ್ಲ? ಒಸಿ ಮಲಗಿದ್ರೆ ಸರಿಹೋಯ್ತದೆ."

ಈ ಮಾತು ಹೇಳಿದ್ದು ನಾನು. ಆ ಮನೆಯಲ್ಲಿ ಡಿಗ್ರಿ ಓದಿದವಳು ನಾನೊಬ್ಬಳೇ. ಆದ್ದರಿಂದ ಅವರಿಬ್ಬರೂ ಒಪ್ಪಿ ಮತ್ತೆ ಸೊಪ್ಪು ಹಾಕಲು ಹೋದರು.

ಆ ಸ್ಕ್ಯಾನ್‌ಗಳ ಬಗ್ಗೆ ಹೇಳಬೇಕು.

ಮೊದಲನೆಯದು ಐದನೇ ತಿಂಗಳಲ್ಲಿ. ಸರ್ಕಾರಿ ಆಸ್ಪತ್ರೆಯಲ್ಲೇ ಮಾಡಿಸಬಹುದಿತ್ತು, ಸರದಿಗೆ ಕೆಲವು ದಿನ ಕಾಯಬೇಕಿತ್ತು ಅಷ್ಟೆ. ಆದರೆ ನಾಲ್ಕು ವರ್ಷ ಕಾದವರಿಗೆ ಇನ್ನು ನಾಲ್ಕು ದಿನ ಕಾಯುವುದೂ ಕಷ್ಟ. ರಾಮನಗರದ ಒಂದು ಖಾಸಗಿ ಸ್ಕ್ಯಾನಿಂಗ್ ಸೆಂಟರಿಗೆ ಮೂವರೂ ಹೋದೆವು. ಅತ್ತೆ ಮದುವೆಗೆ ಹೋಗುವವರ ಹಾಗೆ ರೇಷ್ಮೆ ಸೀರೆ ಉಟ್ಟಿದ್ದರು. ಗಂಡು ಹೆಣ್ಣು ಹೇಳುವುದಿಲ್ಲ ಎಂದು ಗೋಡೆಯ ಮೇಲೆ ದೊಡ್ಡದಾಗಿ ಬರೆದಿತ್ತು. ಒಂದು ಫಾರಮ್ಮಿಗೆ ಸಹಿ ಹಾಕಿಸಿಕೊಂಡರು. ಹೊಟ್ಟೆಯ ಮೇಲೆ ತಣ್ಣನೆಯ ಜೆಲ್ ಹಚ್ಚಿದಾಗ ಮೈಯೆಲ್ಲ ಜುಂ ಎಂದಿತು. ಡಾಕ್ಟರು ಒಳ್ಳೆಯವರು. ಅತ್ತೆಯನ್ನೂ ಒಳಗೆ ಕರೆದು ಪರದೆ ತಿರುಗಿಸಿ ತೋರಿಸಿದರು. ಬೂದು ಬಣ್ಣದ ಹೊಗೆಯೊಳಗೆ ಒಂದು ಪುಟ್ಟ ಬೆನ್ನುಮೂಳೆ, ಮುತ್ತು ಪೋಣಿಸಿದ ಹಾಗೆ. ಆಮೇಲೆ ಎದೆಬಡಿತ ಕೇಳಿಸಿದರು. ಕುದುರೆ ಓಡಿದ ಸದ್ದು.

ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟರು. ಅವರು ಹೆತ್ತದ್ದು ಮೂರು, ಮೂರೂ ಮನೆಯಲ್ಲೇ. ಅದರಲ್ಲಿ ಒಂದು ಕಾಲು ಮುಂದಾಗಿ ಬಂದು ಉಳಿಯಲಿಲ್ಲ. "ನಮಗೆ ಹೊಟ್ಟೆ ಒಳಗೆ ಏನೈತೆ ಅಂತಾನೇ ಗೊತ್ತಾಯ್ತಿರ್ಲಿಲ್ಲ ಕಣವ್ವ. ಹೆಂಗೈತೋ ಹಂಗೆ ಬರೋದು" ಎಂದರು ವಾಪಸ್ ಬರುವಾಗ. ಆಟೋದಲ್ಲಿ ನನ್ನ ಕೈ ಬಿಡಲೇ ಇಲ್ಲ.

"ಎಲ್ಲ ಸರಿಯಾಗಿದೆ" ಎಂದು ಡಾಕ್ಟರು ಹೇಳಿದ್ದು ಮಗುವಿನ ಬಗ್ಗೆ. ನಾವು ಅದನ್ನು ಎಲ್ಲದಕ್ಕೂ ಹಿಡಿದುಕೊಂಡೆವು.

ಸ್ಕ್ಯಾನಿನ ಚಿತ್ರ ಬರುವುದು ಮಾಸಿಹೋಗುವ ಕಾಗದದಲ್ಲಿ. ಅದು ನನ್ನ ಕೆಲಸದಿಂದಲೇ ನನಗೆ ಗೊತ್ತಿತ್ತು. ಅಂಗಡಿಗೆ ಹೋಗಿ ಮೂರು ಪ್ರತಿ ತೆಗೆದೆ. ಒಂದು ದೇವರ ಮನೆಯಲ್ಲಿ ಕಬ್ಬಾಳಮ್ಮನ ಪಟದ ಪಕ್ಕಕ್ಕೆ, ಒಂದು ಬೀರುವಿಗೆ, ಒಂದು ನನ್ನ ಬ್ಯಾಗಿಗೆ. ಲೋಕೇಶ್ ಅದನ್ನು ಮೊಬೈಲಿನಲ್ಲಿ ಹಿಡಿದು ಹಾಲಿನ ಡೇರಿಯಲ್ಲಿ ಎಲ್ಲರಿಗೂ ತೋರಿಸಿದರಂತೆ. ಏನು ಎಲ್ಲಿದೆ ಎಂದು ಅವರಿಗೇ ಗೊತ್ತಾಗುತ್ತಿರಲಿಲ್ಲ.

ಆಮೇಲೆ, ಮೊದಲ ತಿಂಗಳುಗಳಲ್ಲಿ ನನ್ನನ್ನು ತಪಾಸಣೆಗೆ ಕರೆದೊಯ್ದಿದ್ದ ಆಶಾ ಕಾರ್ಯಕರ್ತೆ ರತ್ನಕ್ಕ ಮನೆಗೆ ಬಂದರು. ಪ್ರತಿ ಗುರುವಾರ ನಮ್ಮ ಊರಿನ ಉಪಕೇಂದ್ರದಲ್ಲಿ ಬಸುರಿಯರ ತಪಾಸಣೆ.

"ಸ್ಕ್ಯಾನ್ ಆಯ್ತು ಅಂತ ಕೂರ್ಬೇಡ ಕಣವ್ವ. ಬಿಪಿ ನೋಡ್ಬೇಕು, ಯೂರಿನ್ ನೋಡ್ಬೇಕು. ಗುರುವಾರ ಬಾ."

"ಬತ್ತೀನಿ ರತ್ನಕ್ಕ" ಎಂದೆ. ಹೋಗಲಿಲ್ಲ. ಗುರುವಾರ ಬೆಳಿಗ್ಗೆ ಅಂಗಡಿಯಲ್ಲಿ ಗಿರಾಕಿಗಳು ಜಾಸ್ತಿ. ಅದೂ ಅಲ್ಲದೆ, ಉಪಕೇಂದ್ರದಲ್ಲಿ ನೋಡುವುದಾದರೂ ಏನು? ತೂಕ ನೋಡಿ, ತೋಳಿಗೆ ಪಟ್ಟಿ ಸುತ್ತಿ, ಒಂದು ಕಾರ್ಡಿನಲ್ಲಿ ಬರೆದು ಕಳಿಸುತ್ತಾರೆ. ನಾನು ಮಗುವಿನ ಎದೆಬಡಿತವನ್ನೇ ಕೇಳಿ ಬಂದವಳು. ರತ್ನಕ್ಕ ಮತ್ತೊಂದು ಸಲ ಬಂದರು. ಆಗ ಒಂದಿಷ್ಟು ಬೇಸರದಿಂದಲೇ, "ಸ್ಕ್ಯಾನಲ್ಲಿ ಎಲ್ಲ ಸರಿಯಾಗೈತಕ್ಕ, ನೀವೇ ನೋಡಿ ಬೇಕಾದ್ರೆ" ಎಂದು ರಿಪೋರ್ಟು ಕೈಗೆ ಕೊಟ್ಟೆ. ಅವರು ಅದನ್ನು ತಿರುಗಿಸಿ ನೋಡಿ ವಾಪಸ್ ಕೊಟ್ಟರು. ಮೂರನೆಯ ಸಲ ಬರಲಿಲ್ಲ.

ಏಳನೇ ತಿಂಗಳಲ್ಲಿ ಅದೇ ಸೆಂಟರಿನಲ್ಲಿ ಇನ್ನೊಂದು ಸ್ಕ್ಯಾನ್ ಮಾಡಿಸಿದೆ. ಬೆಳವಣಿಗೆ ಸರಿಯಾಗಿದೆ, ನೀರು ಸರಿಯಾಗಿದೆ. ಅವರ ಕೆಲಸ ಸ್ಕ್ಯಾನ್ ಮಾಡುವುದು, ಅದನ್ನು ಅವರು ಚೆನ್ನಾಗಿಯೇ ಮಾಡಿದರು. ತಪಾಸಣೆಗೆ ಬೇರೆ ಕಡೆ ಹೋಗುತ್ತಿದ್ದಾಳೆ ಎಂದು ಅವರು ತಿಳಿದಿರಬೇಕು. ನಾನು ಇದೇ ತಪಾಸಣೆ ಎಂದು ತಿಳಿದಿದ್ದೆ.

ಆ ತಿಂಗಳೇ ಬಳೆಶಾಸ್ತ್ರವೂ ಆಯಿತು. ನನ್ನ ಅಮ್ಮ ನಾನು ಹೈಸ್ಕೂಲಿನಲ್ಲಿದ್ದಾಗಲೇ ತೀರಿಕೊಂಡಿದ್ದರು. ತವರಿನ ಕಡೆಯವರ ಕೆಲಸವನ್ನೂ ಅತ್ತೆಯೇ ನಿಂತು ಮಾಡಿದರು. ಕೈತುಂಬ ಹಸಿರು ಬಳೆ. ಮೂರು ವಾರ ಕಳೆದಾಗ ಬಳೆಗಳು ಮಣಿಕಟ್ಟಿನಿಂದ ಅಲುಗಾಡುತ್ತಿರಲಿಲ್ಲ. ಅತ್ತೆ ನನ್ನ ಕಾಲಿನ ಮೇಲೆ ಹೆಬ್ಬೆರಳು ಒತ್ತಿ ನೋಡಿದರು. ಗುಳಿ ಬಿತ್ತು, ತುಂಬಲು ಹೊತ್ತಾಯಿತು.

"ಮೊಖಾನೂ ಊದ್ಕಂಡೈತೆ. ಇದು ಸರಿ ಇಲ್ಲ ಕಣ್ ಪವಿತ್ರ. ರತ್ನಂಗೆ ಒಂದ್ ಮಾತು ಹೇಳಾನ."

"ದಿನವೆಲ್ಲ ಕಾಲು ಇಳಿಬಿಟ್ಕೊಂಡು ಕೂತಿರ್ತೀನಲ್ಲ ಅತ್ತೆ, ಅದ್ಕೆ. ಬಸುರೀರಿಗೆ ಊದ್ಕೊಳೋದು ಇದ್ದದ್ದೇ. ಮೊಬೈಲಲ್ಲಿ ನೋಡ್ದೆ."

ನಿಜವಾಗಿಯೂ ನೋಡಿದ್ದೆ. ನನಗೆ ಬೇಕಾದ ಉತ್ತರ ಸಿಗುವ ತನಕ ನೋಡಿದ್ದೆ.

ಬುಧವಾರ ಬೆಳಿಗ್ಗೆ ಎದ್ದಾಗ ತಲೆನೋವು ಕಡಿಮೆಯಾಗಿರಲಿಲ್ಲ. ಬಾಗಿಲಿನ ಬೆಳಕು ನೋಡಲಾಗುತ್ತಿರಲಿಲ್ಲ. ಅತ್ತೆ ಈ ಸಲ ನನ್ನನ್ನು ಕೇಳಲಿಲ್ಲ. ರತ್ನಕ್ಕನಿಗೆ ಫೋನ್ ಮಾಡಿದರು. ರತ್ನಕ್ಕ ಬಂದು ನನ್ನ ಮುಖ ನೋಡಿದ್ದೇ, "ಆಟೋ ಕರೀರಿ" ಎಂದರು. ಅವರು ಒಂದು ಮಾತೂ ಬೈಯಲಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನರ್ಸ್ ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡಿದರು. ಪಟ್ಟಿ ಬಿಚ್ಚಿ ಇನ್ನೊಂದು ತೋಳಿಗೆ ಸುತ್ತಿ ಮತ್ತೆ ನೋಡಿದರು. ನನಗೆ ಏನೂ ಹೇಳದೆ ಡಾಕ್ಟರ ಕೋಣೆಯ ಕಡೆ ಬೇಗ ಬೇಗ ನಡೆದರು.

ಅವರ ಚಪ್ಪಲಿಯ ಸದ್ದು ನೆನಪಿದೆ.

ಅಲ್ಲಿಂದ ಮುಂದಿನದು ನನ್ನ ಬಳಿ ಇಲ್ಲ.

ಮುಂದಿನದನ್ನು ನಾನು ಬೇರೆಯವರಿಂದ ಕೇಳಿ ಜೋಡಿಸಿಕೊಂಡಿದ್ದೇನೆ. ಬೆಂಚಿನ ಮೇಲೆ ಕೂತವಳಿಗೆ ಫಿಟ್ಸ್ ಬಂತಂತೆ. ಅತ್ತೆ ಹೇಳುವ ಪ್ರಕಾರ ಕಣ್ಣು ಮೇಲಕ್ಕೆ ಹೋಯಿತು, ಹಲ್ಲು ಕಚ್ಚಿಕೊಂಡಿತು, ಕೈಕಾಲು ಬಡಿದುಕೊಂಡವು. ರತ್ನಕ್ಕ ನನ್ನನ್ನು ಎಡಮಗ್ಗುಲಿಗೆ ಹೊರಳಿಸಿ ಬಿಗಿಯಾಗಿ ಹಿಡಿದಿದ್ದರಂತೆ. ಫಿಟ್ಸ್ ನಿಲ್ಲಿಸುವ ಮೆಗ್ನೀಷಿಯಂ ಸಲ್ಫೇಟ್ ಎಂಬ ಇಂಜೆಕ್ಷನ್ ಅನ್ನು ಎರಡೂ ಕಡೆ ಸೊಂಟದ ಕೆಳಗೆ ಕೊಟ್ಟರು. ಆ ಇಂಜೆಕ್ಷನ್ ಅಲ್ಲಿ ಇತ್ತು, ಅದನ್ನು ಕೊಡಲು ಆ ನರ್ಸಿಗೆ ಗೊತ್ತಿತ್ತು. ಅದಕ್ಕೇ ಇವತ್ತು ಇದನ್ನು ಬರೆಯುತ್ತಿದ್ದೇನೆ.

ಆಂಬುಲೆನ್ಸಿನಲ್ಲಿ ಮೊದಲು ರಾಮನಗರಕ್ಕೆ. ಅಲ್ಲಿ ಡ್ರಿಪ್ ಹಾಕಿ, ಬಿಪಿ ಇಳಿಸಿ, ಹುಟ್ಟುವ ಎಳೆಗೂಸಿಗೆ ಎನ್‌ಐಸಿಯು, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕ ಬೇಕಾಗುತ್ತದೆ ಎಂದು ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಕಳಿಸಿದರು. ರತ್ನಕ್ಕ ಜೊತೆಯಲ್ಲೇ ಬಂದರು. ಹುಳುಮನೆಯಿಂದ ಎದ್ದು ಬಂದ ಲೋಕೇಶ್ ಆಂಬುಲೆನ್ಸಿನ ಹಿಂದೆ ಬೈಕಿನಲ್ಲಿ ಬಂದರು. ಕಾಲಲ್ಲಿ ಚಪ್ಪಲಿ ಇರಲಿಲ್ಲ ಎಂದು ಅವರಿಗೆ ಗೊತ್ತಾಗಿದ್ದು ಬೆಂಗಳೂರಿನಲ್ಲಿ ಇಳಿದ ಮೇಲೆ. ಸಂಜೆಯ ಹೊತ್ತಿಗೆ ಸಿಸೇರಿಯನ್ ಆಯಿತು. ಅದಕ್ಕೆ ಮುಂಚೆ ಒಬ್ಬ ಡಾಕ್ಟರು ಹೊರಗೆ ಬಂದು, ಇಬ್ಬರಿಗೂ ಅಪಾಯವಿದೆ ಎಂದು ಸಹಿ ಕೇಳಿದರಂತೆ. ಲೋಕೇಶ್‌ಗೆ ಪೆನ್ನು ಹಿಡಿಯಲಾಗಲಿಲ್ಲ. ಅತ್ತೆ, "ಹಾಕಪ್ಪ, ಹಾಕು. ಅವ್ಳು ಬದುಕ್ಲಿ, ಮಿಕ್ಕಿದ್ದು ಆಮ್ಯಾಕೆ" ಎಂದರಂತೆ.

ನಾಲ್ಕು ವರ್ಷ ಮೊಮ್ಮಗುವಿಗೆ ಕಾದ ಹೆಂಗಸು ಆಡಿದ ಮಾತು ಅದು.

ನನಗೆ ಎಚ್ಚರವಾದದ್ದು ಮಾರನೆಯ ದಿನ. ಮೊದಲು ಬಂದದ್ದು ಸದ್ದು. ಯಾವುದೋ ಮೆಷಿನ್ ಒಂದೇ ಸಮನೆ ಟಿಕ್ ಟಿಕ್ ಎನ್ನುತ್ತಿತ್ತು. ಗಂಟಲು ಒಣಗಿ ಅಂಟಿಕೊಂಡಿತ್ತು. ಹೊಟ್ಟೆಯ ಮೇಲೆ ಕೈ ಹಾಕಲು ನೋಡಿದೆ, ಯಾರೋ ಕೈ ಹಿಡಿದರು.

ಕಣ್ಣು ಬಿಟ್ಟೆ.

ಏನೂ ಕಾಣಲಿಲ್ಲ.

"ಲೈಟ್ ಹಾಕಿ" ಎಂದೆ.

"ಲೈಟ್ ಹಾಕಿದೆ ಅಮ್ಮ. ಮಧ್ಯಾಹ್ನ ಈಗ" ಎಂದಿತು ಒಂದು ಹೆಣ್ಣು ದನಿ.

ಆಗ ಕಿರುಚಿದೆನಂತೆ. ನನಗೆ ನೆನಪಿರುವುದು ಕಿರುಚಿದ್ದಲ್ಲ. ಕಣ್ಣು ಮುಚ್ಚಿದೆನೋ ತೆರೆದೆನೋ ಗೊತ್ತಾಗದೆ ಬೆರಳಿನಿಂದ ರೆಪ್ಪೆ ಮುಟ್ಟಿ ಮುಟ್ಟಿ ನೋಡಿದ್ದು. ಡಾಕ್ಟರಮ್ಮ ಬಂದರು. ಕಣ್ಣಿಗೆ ಟಾರ್ಚ್ ಬಿಟ್ಟೆವು ಎಂದರು. ನನಗೆ ಕತ್ತಲೆಯೇ. ಅವರು ಮಂಚದ ಮೇಲೆ ಕೂತದ್ದು ಹಾಸಿಗೆ ತಗ್ಗಿದ್ದರಿಂದ ತಿಳಿಯಿತು.

"ಪವಿತ್ರ, ಕೇಳಿಸ್ಕೊ. ಬಿಪಿ ತುಂಬಾ ಏರಿ ಮೆದುಳಿನ ಹಿಂಭಾಗ ಸ್ವಲ್ಪ ಊದಿಕೊಂಡಿದೆ. ನೋಡೋದು ಆ ಭಾಗದ ಕೆಲಸ. ನಿನ್ನ ಕಣ್ಣಿಗೆ ಏನೂ ಆಗಿಲ್ಲ. ಊತ ಇಳಿದ ಹಾಗೆ ದೃಷ್ಟಿ ವಾಪಸ್ ಬರುತ್ತೆ. ಹೆಚ್ಚಿನವರಿಗೆ ಬರುತ್ತೆ."

"ಹೆಚ್ಚಿನವ್ರಿಗೆ ಅಂದ್ರೆ?"

"ನಿನಗೂ ಬರುತ್ತೆ ಅಂತ ನಾನು ಅಂದ್ಕೊಂಡಿದೀನಿ" ಎಂದರು. ಸುಳ್ಳು ಹೇಳದ ಆ ಮಾತು ನನಗೆ ಹಿಡಿಸಿತು.

ಆಮೇಲೆ ಮಗುವನ್ನು ಕೇಳಿದೆ. ಮೊದಲು ಕಣ್ಣಿನ ಬಗ್ಗೆ ಕೇಳಿ ಆಮೇಲೆ ಮಗುವಿನ ಬಗ್ಗೆ ಕೇಳಿದೆನಲ್ಲ ಎಂದು ಬಹಳ ದಿನ ನಾಚಿಕೆಪಟ್ಟುಕೊಂಡಿದ್ದೇನೆ. ಹೆಣ್ಣು ಮಗು. ಒಂದು ಕೆಜಿ ಆರುನೂರು ಗ್ರಾಮ್. ಮೇಲಿನ ಮಹಡಿಯ ಎನ್‌ಐಸಿಯುನಲ್ಲಿ ಇದೆ, ಉಸಿರಾಟಕ್ಕೆ ಸ್ವಲ್ಪ ಸಹಾಯ ಕೊಟ್ಟಿದ್ದೇವೆ ಎಂದರು.

ಲೋಕೇಶ್ ಬಂದರು. ಬೆವರಿನ ಜೊತೆ ಹಿಪ್ಪುನೇರಳೆ ಸೊಪ್ಪಿನ ವಾಸನೆ. ಎರಡು ದಿನದಿಂದ ಅದೇ ಅಂಗಿ. ಮೊಬೈಲಿನಲ್ಲಿ ಮಗುವಿನ ವಿಡಿಯೋ ಹಿಡಿದುಕೊಂಡು ಬಂದಿದ್ದರು. ನನಗೆ ಕಣ್ಣು ಕಾಣದು ಎಂದು ಅವರಿಗೆ ಹೊರಗೆ ಹೇಳಿದ್ದರೂ, ಅಭ್ಯಾಸಬಲದಿಂದ "ನೋಡು" ಎಂದುಬಿಟ್ಟರು. ಹಾಗೇ ನಿಂತರು.

"ನೀವು ಹೇಳಿ. ಹೆಂಗೈತೆ?" ಎಂದೆ.

ಲೋಕೇಶ್ ಮಾತಿನ ಮನುಷ್ಯರಲ್ಲ. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಅವತ್ತು ನಿಧಾನವಾಗಿ ಹುಡುಕಿ ಹುಡುಕಿ ಹೇಳಿದರು. "ಕೆಂಪಗವ್ಳೆ. ಚರ್ಮ ಒಸಿ ಸಡಿಲ, ದೊಡ್ಡೋರ ಅಂಗಿ ಹಾಕ್ಕಂಡಂಗೆ. ತಲೆ ತುಂಬ ಕೂದ್ಲು. ಮೂಗಿಗೆ ಪೈಪು ಹಾಕವ್ರೆ. ಕಾಲು ನಿನ್ ಥರ, ಎರಡನೇ ಬೆರಳು ಉದ್ದ." ಆಮೇಲೆ ದನಿ ಒಡೆಯಿತು. "ಒದೀತವ್ಳೆ ಕಣೆ. ನೀನು ಹೇಳ್ತಿದ್ಯಲ್ಲ, ಹಂಗೇ ಒದೀತವ್ಳೆ."

ಎರಡೂವರೆ ದಿನ ನಾನು ಕುರುಡಿಯಾಗಿದ್ದೆ. ಆ ದಿನಗಳಲ್ಲಿ ಅತ್ತೆ ನನಗೆ ಗಂಜಿ ಕುಡಿಸಿದರು, ಬಾಯಿ ಒರೆಸಿದರು, ತಲೆ ಬಾಚಿದರು. ಮೂರನೆಯ ದಿನ ಎಡಗಡೆ ಒಂದು ಬೆಳ್ಳಗಿನ ಚೌಕ ಮೂಡಿತು. ಕಿಟಕಿ. ಅದು ಸಂಜೆಯ ಹೊತ್ತಿಗೆ ಅಂಚು ಕಟ್ಟಿಕೊಂಡಿತು. ಮಾರನೆಯ ಬೆಳಿಗ್ಗೆ ಮಂಚದ ಪಕ್ಕ ಮುದುಡಿ ಕೂತಿದ್ದ ಅತ್ತೆಯ ಮುಖ ಕಾಣಿಸಿತು. ನಾಲ್ಕು ದಿನದಲ್ಲಿ ಅವರಿಗೆ ಹತ್ತು ವರ್ಷ ಹೆಚ್ಚಾಗಿತ್ತು.

"ಅತ್ತೆ, ಕುಂಕುಮ ಓರೆಯಾಗೈತೆ" ಎಂದೆ.

ಅವರು ನನ್ನನ್ನೇ ನೋಡಿದರು. ಆಮೇಲೆ ಎದ್ದು ವಾರ್ಡಿನ ಹೊರಗೆ ಹೋಗಿ ಗಟ್ಟಿಯಾಗಿ ಅತ್ತರು. ಪಕ್ಕದ ಮಂಚದವರು ಏನೋ ಕೆಟ್ಟದ್ದಾಯಿತೆಂದು ಎದ್ದು ಕೂತರು.

ಡಾಕ್ಟರಮ್ಮ ನನ್ನ ತಾಯಿ ಕಾರ್ಡ್ ಕೇಳಿದ್ದು ಅದೇ ದಿನ. ಬಸುರಿಯರಿಗೆಲ್ಲ ಕೊಡುವ ಆ ಕಾರ್ಡನ್ನು ನಾನು ಅಂಗಡಿಯಲ್ಲಿ ಎಷ್ಟೋ ಜನಕ್ಕೆ ಜೆರಾಕ್ಸ್ ಮಾಡಿಕೊಟ್ಟಿದ್ದೇನೆ. ಎಲ್ಲರಿಗೂ ಬೇಕಾಗುವುದು ಹೆಸರು, ನಂಬರು ಇರುವ ಮೊದಲ ಪುಟ. ಒಳಗಿನ ಪುಟಗಳನ್ನು ನಾನು ಬಿಡಿಸಿ ನೋಡಿದವಳೇ ಅಲ್ಲ. ಡಾಕ್ಟರಮ್ಮ ಬಿಡಿಸಿದರು. ತಿಂಗಳು, ತೂಕ, ಬಿಪಿ, ಮೂತ್ರ ಪರೀಕ್ಷೆ ಎಂದು ಗೆರೆ ಎಳೆದ ಕಾಲಂಗಳು. ನಾಲ್ಕನೇ ತಿಂಗಳವರೆಗೆ ರತ್ನಕ್ಕ ಕರೆದೊಯ್ದಾಗ ಬರೆಸಿದ ಅಂಕಿಗಳು. ಅಲ್ಲಿಂದ ಕೆಳಗೆ ಖಾಲಿ.

"ನಾಲ್ಕನೇ ತಿಂಗಳ ಮೇಲೆ ಎಲ್ಲೂ ತೋರಿಸಿಲ್ವಾ?"

"ಎರಡ್ಸಲ ಸ್ಕ್ಯಾನ್ ಮಾಡ್ಸಿದೀನಿ ಮೇಡಂ. ಎಲ್ಲ ಸರಿಯಾಗಿತ್ತು."

ಅವರು ಕಾರ್ಡ್ ಮುಚ್ಚಿದರು. ಬೈಯುತ್ತಾರೆ ಎಂದು ಕಾದೆ. "ಸ್ಕ್ಯಾನಲ್ಲಿ ಮಗೂನ ನೋಡಿದ್ರು. ನಿನ್ನನ್ನ ಯಾರೂ ನೋಡ್ಲಿಲ್ಲ ಅಲ್ವಾ" ಎಂದರು. ಅಷ್ಟೇ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತು ಇತ್ತು. ನನ್ನಂಥವರನ್ನು ಅವರು ನೋಡುತ್ತಿರುವುದು ಮೊದಲ ಸಲವಲ್ಲ ಎಂದು ಗೊತ್ತಾಯಿತು.

ಅವತ್ತು ಬಹಳ ಯೋಚಿಸಿದೆ. ಸ್ಕ್ಯಾನ್ ಮಾಡಿಸಿದ್ದು ತಪ್ಪಲ್ಲ. ಅತ್ತೆಯ ಕಾಲದಲ್ಲಿ ಅದಿದ್ದಿದ್ದರೆ ಕಾಲು ಮುಂದಾದ ಆ ಮಗು ಉಳಿಯುತ್ತಿತ್ತೇನೋ. ಆದರೆ ಪರದೆಯ ಮೇಲೆ ಮಗುವನ್ನು ಕಂಡ ದಿನದಿಂದ ನನ್ನ ದೇಹವನ್ನು ನಾನು ಒಂದು ಮನೆ ಎಂದಷ್ಟೇ ನೋಡಿದೆ. ಒಳಗಿರುವವಳು ಚೆನ್ನಾಗಿದ್ದಾಳೆ, ಇನ್ನು ಗೋಡೆಯನ್ನು ಯಾಕೆ ತಟ್ಟಿ ನೋಡಬೇಕು ಎನ್ನುವ ಹಾಗೆ. ಮನೆಯವರೆಲ್ಲ ನನಗೆ ಹಣ್ಣು ತಂದರು, ಹಾಲು ಕುಡಿಸಿದರು, ಭಾರ ಎತ್ತಲು ಬಿಡಲಿಲ್ಲ. ಪ್ರೀತಿಗೆ ಕೊರತೆ ಇರಲಿಲ್ಲ. ತೋಳಿಗೆ ಒಂದು ಪಟ್ಟಿ ಸುತ್ತಿ ನೋಡುವ ಎರಡು ನಿಮಿಷದ ಕೆಲಸ ಮಾತ್ರ ಆಗಲಿಲ್ಲ.

ರತ್ನಕ್ಕ ಐದನೆಯ ದಿನ ಮತ್ತೆ ಬೆಂಗಳೂರಿಗೆ ಬಂದರು, ಬಸ್ಸಿನಲ್ಲಿ. ಟಿಫನ್ ಬಾಕ್ಸಿನಲ್ಲಿ ರಾಗಿ ಅಂಬಲಿ ತಂದಿದ್ದರು. ನನಗೆ ಅವರ ಮುಖ ನೋಡುವ ಧೈರ್ಯವಿರಲಿಲ್ಲ.

"ನೀವು ಅಷ್ಟ್ ಹೇಳಿದ್ರೂ ಬರ್ಲಿಲ್ಲ ರತ್ನಕ್ಕ. ತಪ್ಪಾಯ್ತು."

ಅವರು ಮುಚ್ಚಳ ತೆಗೆಯುತ್ತಾ ತಲೆ ಎತ್ತದೆ ಹೇಳಿದರು. "ನಂದೂ ಐತೆ ಬುಡವ್ವ. ನೀನು ರಿಪೋರ್ಟ್ ಕೈಗೆ ಕೊಟ್ಯಲ್ಲ, ಅವತ್ತು ನಂಗೂ ಬೇಜಾರಾಯ್ತು. ಓದಿರೋಳು, ಇವ್ಳಿಗೇನು ನಾನು ಹೇಳೋದು ಅಂತ ಮೂರ್ನೇ ಸಲ ನಿಮ್ಮನೆ ಬಾಗ್ಲಿಗೆ ಬರ್ಲಿಲ್ಲ. ನಿಮ್ ಬೀದೀಲೇ ಹೋದೆ, ಆದ್ರೂ ಬರ್ಲಿಲ್ಲ. ಬರ್ಬೇಕಿತ್ತು."

ಅಂಬಲಿ ಕುಡಿದೆ. ಅವತ್ತಿನಿಂದ ರತ್ನಕ್ಕ ನನಗೆ ಅಕ್ಕನಾದರು. ಮಾತಿಗೆ ಅನ್ನುವ ಅಕ್ಕ ಅಲ್ಲ.

ಮಗುವನ್ನು ಮೊದಲು ನೋಡಿದ್ದು ಆರನೆಯ ದಿನ. ಗಾಲಿಕುರ್ಚಿಯಲ್ಲಿ ಕರೆದೊಯ್ದರು. ಗಾಜಿನ ಪೆಟ್ಟಿಗೆಯೊಳಗೆ ಒಂದು ಅಂಗೈ ಅಗಲದ ಎದೆ ಏರಿ ಇಳಿಯುತ್ತಿತ್ತು. ನಿಜ ಹೇಳುತ್ತೇನೆ, ಇದು ನನ್ನದು ಎಂದು ನನಗೆ ಅನ್ನಿಸಲಿಲ್ಲ. ಹೊಟ್ಟೆಯಲ್ಲಿದ್ದವಳು ಬೇರೆ, ಇವಳು ಬೇರೆ. ನಡುವೆ ಒಂದು ಇಡೀ ದಿನ ನನ್ನ ನೆನಪಿನಲ್ಲಿ ಇಲ್ಲ. ಯಾರೋ ನನ್ನ ಕೈಗೆ ಒಂದು ಕೂಸು ಕೊಟ್ಟು ನಿನ್ನದು ಎನ್ನುತ್ತಿದ್ದಾರೆ, ನಾನು ನಂಬುತ್ತಿದ್ದೇನೆ.

ಈ ಮಾತನ್ನು ಯಾರಿಗೂ ಹೇಳಲಿಲ್ಲ.

ಉಸಿರಾಟ ಸರಿಯಾದ ಮೇಲೆ ಕಾಂಗರೂ ಕೇರ್ ಎಂದು ಮಗುವನ್ನು ಬರಿಮೈಯಲ್ಲಿ ನನ್ನ ಎದೆಯ ಮೇಲೆ ಮಲಗಿಸಿ ಬಟ್ಟೆ ಸುತ್ತಿದರು. ದಿನಕ್ಕೆ ಎಷ್ಟೋ ಗಂಟೆ ಹಾಗೆ. ನನಗೆ ಹೊಲಿಗೆ ನೋವು ಹೆಚ್ಚಾದಾಗ ಲೋಕೇಶ್ ಅಂಗಿ ಬಿಚ್ಚಿ ಕೂತರು. ಮೊದಲು ನಾಚಿಕೊಂಡರು. ಆಮೇಲೆ ಅವರನ್ನು ಎಬ್ಬಿಸುವುದೇ ಕಷ್ಟವಾಯಿತು. ನನಗೆ ಅವಳು ನನ್ನವಳು ಎಂದು ಯಾವಾಗ ಅನ್ನಿಸಿತೋ ಹೇಳಲಾರೆ. ಒಂದು ಗಳಿಗೆಯಲ್ಲಿ ಆದದ್ದಲ್ಲ. ಒಂದು ಮಧ್ಯಾಹ್ನ ನರ್ಸ್ ಬಂದು ಅವಳನ್ನು ಎತ್ತಿಕೊಂಡಾಗ ಎದೆ ತಣ್ಣಗಾಯಿತು. ಆ ತಣ್ಣನೆ ನನಗೆ ಬೇಡವೆನಿಸಿತು. ಅಲ್ಲಿಂದ ಶುರುವಾಗಿರಬೇಕು.

ಅಷ್ಟು ದಿನ ಊರಿನಲ್ಲಿ ನಮ್ಮ ಹುಳುಗಳನ್ನು ನೋಡಿಕೊಂಡದ್ದು ಪಕ್ಕದ ಮನೆಯ ಚಿಕ್ಕತಾಯಮ್ಮ. ತಮ್ಮ ತೋಟದ ಸೊಪ್ಪನ್ನೂ ತಂದು ಹಾಕಿ, ಹಣ್ಣಾದ ಹುಳುಗಳನ್ನು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಟ್ಟು, ಗೂಡು ಬಿಡಿಸಿ ಮಾರುಕಟ್ಟೆಗೂ ಕಳಿಸಿದ್ದರು. ಹದಿನೆಂಟು ದಿನದ ಮೇಲೆ ನಾವು ಮಗುವನ್ನು ಹಿಡಿದು ಮನೆಗೆ ಬಂದಾಗ ಹುಳುಮನೆ ತೊಳೆದು ಸುಣ್ಣ ಹೊಡೆದಿತ್ತು.

ಮನೆಗೆ ಬಂದ ಮೇಲೆ ಎಲ್ಲವೂ ಮುಗಿಯಿತು ಎಂದು ಎಲ್ಲರೂ ಅಂದುಕೊಂಡರು. ನನಗೆ ಮುಗಿದಿರಲಿಲ್ಲ. ಬೆಳಿಗ್ಗೆ ಸಂಜೆ ಬಿಪಿ ಮಾತ್ರೆ. ಮಾತಿನ ನಡುವೆ ಪದ ಸಿಗುತ್ತಿರಲಿಲ್ಲ. ಸೌಟು ಬೇಕಾದಾಗ "ಅದು, ಅದು" ಎಂದು ಗಾಳಿಯಲ್ಲಿ ಕೈ ತಿರುಗಿಸುತ್ತಿದ್ದೆ. ದಿನಕ್ಕೆ ನೂರು ಅರ್ಜಿ ತುಂಬುತ್ತಿದ್ದವಳು ನನ್ನ ಹುಟ್ಟಿದ ತಾರೀಕಿಗೆ ತಡವರಿಸಿದೆ. ಚಿಕ್ಕದೊಂದು ತಲೆನೋವು ಬಂದರೂ ಕಣ್ಣು ಕಾಣುತ್ತಿದೆಯೇ ಎಂದು ಕಿಟಕಿಯ ಕಡೆ ನೋಡುತ್ತಿದ್ದೆ. ಲೋಕೇಶ್ ನಿದ್ದೆಯ ನಡುವೆ ಎದ್ದು ನನ್ನ ಮೂಗಿನ ಹತ್ತಿರ ಬೆರಳು ಹಿಡಿದು ನೋಡುತ್ತಿದ್ದರು. ನನಗೆ ಗೊತ್ತಿತ್ತು. ಗೊತ್ತಿಲ್ಲದವಳ ಹಾಗೆ ಮಲಗಿರುತ್ತಿದ್ದೆ.

ಈಗ ಗುರುವಾರ ತಪ್ಪಿಸುವುದಿಲ್ಲ. ಅತ್ತೆಯೇ ಜೊತೆಗೆ ಬರುತ್ತಾರೆ. ನನ್ನ ಬಿಪಿ ನೋಡಿಸಿ, ತಮ್ಮ ತೋಳನ್ನೂ ಚಾಚುತ್ತಾರೆ. ಅವರಿಗೂ ಬಿಪಿ ಇದೆಯೆಂದು ಗೊತ್ತಾದದ್ದು ಹಾಗೆ. ಬೀದಿಯ ಬಸುರಿಯರು ಸ್ಕ್ಯಾನಿನ ಚಿತ್ರ ತಂದು ತೋರಿಸಿದರೆ ಅತ್ತೆ ನೋಡಿ ಸಂತೋಷಪಡುತ್ತಾರೆ. ಆಮೇಲೆ, "ಸರಿ, ನಿಂದು ಹೇಳು ಈಗ" ಎನ್ನುತ್ತಾರೆ.

ಒಂದು ಸಂಗತಿ ಮಾತ್ರ ನನ್ನನ್ನು ಬಿಡುತ್ತಿರಲಿಲ್ಲ. ಹುಟ್ಟಿದಾಗ ಅವಳು ಅತ್ತಳೇ? ಅತ್ತೆಯನ್ನು ಕೇಳಿದೆ, ಲೋಕೇಶ್‌ರನ್ನು ಕೇಳಿದೆ, ರತ್ನಕ್ಕನನ್ನು ಕೇಳಿದೆ. ಮೂವರೂ ಬಾಗಿಲ ಹೊರಗಿದ್ದವರು. ಯಾರಿಗೂ ಗೊತ್ತಿರಲಿಲ್ಲ. ಡಿಸ್ಚಾರ್ಜ್ ಕಾಗದದಲ್ಲಿ ತೂಕವಿತ್ತು, ವಾರಗಳ ಲೆಕ್ಕವಿತ್ತು, ಇದು ಮಾತ್ರ ನನಗೆ ಸಿಗಲಿಲ್ಲ. ನನ್ನ ಹೊಟ್ಟೆಯಿಂದ ಬಂದ ಕೂಸಿನ ಮೊದಲ ದನಿ ಕೇಳಿದವರು ಯಾರೋ, ನಾನಲ್ಲ.

ಆರು ತಿಂಗಳು ತುಂಬಿದಾಗ ತೋರಿಸಲು ಬೆಂಗಳೂರಿಗೆ ಹೋದೆವು. ಮಗುವಿನ ಕಣ್ಣು, ಕಿವಿ, ತೂಕ ಎಲ್ಲ ನೋಡಿದರು. ನನ್ನ ಒಂದು ಮಾತ್ರೆ ನಿಲ್ಲಿಸಿದರು, ಇನ್ನೊಂದು ಮುಂದುವರಿಯಲಿ ಎಂದರು. ಇನ್ನೊಂದು ಮಗು ಬೇಕಿದ್ದರೆ ಎರಡು ಮೂರು ವರ್ಷ ಬಿಟ್ಟು, ಮೊದಲ ತಿಂಗಳಿನಿಂದಲೇ ಬರಬೇಕು ಎಂದರು. ಲೋಕೇಶ್ ನೆಲ ನೋಡುತ್ತಾ, "ಇವ್ಳೊಬ್ಳೇ ಸಾಕು ಮೇಡಂ" ಎಂದರು.

ಅವರು ಔಷಧಿಯ ಸಾಲಿನಲ್ಲಿ ನಿಂತಿದ್ದಾಗ ಕಾರಿಡಾರಿನಲ್ಲಿ ಒಬ್ಬ ಸಿಸ್ಟರ್ ನನ್ನನ್ನು ದಾಟಿ ಹೋಗಿ, ಹಿಂದಿರುಗಿ ಬಂದರು. ನಡುವಯಸ್ಸು, ಕೈಯಲ್ಲಿ ಫೈಲುಗಳ ಕಟ್ಟು.

"ನೀನು ರಾಮನಗರದ ಕಡೆಯಿಂದ ಫಿಟ್ಸ್ ಅಂತ ಬಂದಿದ್ದೋಳಲ್ವಾ? ಕಣ್ಣು ಕಾಣಲ್ಲ ಅಂತ ಕೂಗಿದ್ದೆ."

ಆ ದನಿ ನನಗೆ ಗೊತ್ತಿತ್ತು. ಲೈಟ್ ಹಾಕಿದೆ ಅಮ್ಮ ಎಂದ ದನಿ. ಆಪರೇಷನ್ ದಿನ ಥಿಯೇಟರಿನಲ್ಲೂ ಅವರೇ ಇದ್ದರಂತೆ. ಮಗುವಿನ ಕೆನ್ನೆ ಮುಟ್ಟಿ, "ಅಯ್ಯೋ, ಎಷ್ಟು ದೊಡ್ಡೋಳಾಗಿದಾಳೆ" ಎಂದರು.

"ಸಿಸ್ಟರ್, ಒಂದು ಕೇಳ್ಬೇಕಿತ್ತು. ಹುಟ್ಟಿದಾಗ ಇವ್ಳು ಅತ್ಲಾ?"

ಅವರು ನನ್ನನ್ನು ನೋಡಿದರು. ನೆನಪು ಮಾಡಿಕೊಳ್ಳಲು ಪ್ರಯತ್ನಿಸಿದ್ದು ಕಾಣುತ್ತಿತ್ತು.

"ಗೊತ್ತಿಲ್ಲಮ್ಮ. ದಿನಕ್ಕೆ ಎಷ್ಟೋ ಹೆರಿಗೆ. ನೆನಪಿಲ್ಲ." ಆಮೇಲೆ ಫೈಲುಗಳನ್ನು ಕಂಕುಳಿಗೆ ಸರಿಸಿಕೊಂಡು, "ಅತ್ತಿರ್ತಾಳೆ. ಅಳದೆ ಇರೋ ಮಕ್ಕಳು ನಂಗೆ ನೆನಪಿರ್ತವೆ" ಎಂದರು.

ಒಳಗಿನಿಂದ ಯಾರೋ ಕೂಗಿದರು. ಅವರು ಹೋದರು. ಅವರ ಹೆಸರು ಕೇಳುವುದು ನನಗೆ ಹೊಳೆಯಲೇ ಇಲ್ಲ. ಮಗುವನ್ನು ಹೆಗಲಿಗೆ ಹಾಕಿಕೊಂಡು ಅಲ್ಲೇ ಬೆಂಚಿನ ಮೇಲೆ ಕೂತೆ. ಆ ಹೆಂಗಸು ಎಷ್ಟು ಮಕ್ಕಳನ್ನು ನೆನಪಿಟ್ಟುಕೊಂಡು ಓಡಾಡುತ್ತಿದ್ದಾರೋ. ಆ ಪಟ್ಟಿಯಲ್ಲಿ ನನ್ನ ಮಗಳು ಇಲ್ಲ.